ಖೋ ಕೊಡದೆ ಏಳಬಾರದು

ಪಿ.ಟಿ. ಪಿರಿಯಡ್ ಅಂದರೆ ಊರ ಗೋಮಾಳ ಇದ್ದ ಹಾಗೆ. ಯಾರು ಬೇಕಾದರೂ ಬಂದು ಗೂಟ ಹೊಡೆಯಬಹುದು, ಕೇಳುವವರಿಲ್ಲ. ಈ ಪ್ರೌಢಶಾಲೆಗೆ ದೈಹಿಕ ಶಿಕ್ಷಕಿಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ. ವಿಜ್ಞಾನದವರಿಗೆ ಪಾಠ ಉಳಿದರೆ ನನ್ನ ಪಿರಿಯಡ್, ಹಿಂದಿಯವರಿಗೆ ಪರೀಕ್ಷೆ ಇಡಬೇಕಾದರೆ ನನ್ನ ಪಿರಿಯಡ್. ಗಣಿತದ ಏಕನಾಥ ಸರ್‌ಗಂತೂ ಕಾರಣವೇ ಬೇಡ. ಬಾಗಿಲಲ್ಲಿ ನಿಂತು, ಕನ್ನಡಕ ಮೇಲೇರಿಸಿಕೊಂಡು, "ಶೈಲಾ ಬಾಯರ, ಇವತ್ತೊಂದ ದಿನ" ಅನ್ನುತ್ತಿದ್ದರು. ಅವರ ಆ ಒಂದು ದಿನ ಜೂನ್ ತಿಂಗಳಲ್ಲಿ ಶುರುವಾದದ್ದು ಗಣೇಶ ಚವತಿ ಬಂದರೂ ಮುಗಿದಿರಲಿಲ್ಲ.

ಏಕನಾಥ ಸರ್ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇನ್ನು ಮುಂದೆ ಅವರನ್ನು ಸ್ವಲ್ಪ ಬೈಯುವವಳಿದ್ದೇನೆ. ದಿನಾ ಕಲಘಟಗಿಯಿಂದ ದುಮ್ಮವಾಡದ ಕಡೆ ಬರುವ ಮೊದಲ ಬಸ್ಸು ಹಿಡಿದು, ಗಂಟೆ ಹೊಡೆಯುವ ಮೊದಲೇ ಶಾಲೆಯಲ್ಲಿರುತ್ತಿದ್ದರು. ಅವರು ರಜೆ ಹಾಕಿದ್ದನ್ನು ಕಂಡವರಿಲ್ಲ. ಬೋರ್ಡಿನ ಮೇಲೆ ಅವರು ಬರಿಗೈಯಿಂದ ಎಳೆದ ಗೆರೆಗೆ ಅಳತೆಪಟ್ಟಿ ಹಚ್ಚಿ ನೋಡಿದರೂ ಸೊಟ್ಟ ಸಿಗುತ್ತಿರಲಿಲ್ಲ. ಆದರೆ ಅವರದೊಂದು ಪದ್ಧತಿಯಿತ್ತು. ಉತ್ತರ ತಪ್ಪಿದವರು ಎದ್ದು ನಿಲ್ಲಬೇಕು, ಪಿರಿಯಡ್ ಮುಗಿಯುವ ತನಕ. ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. "ನಿಂದ್ರು" ಎಂದು ಮೆಲ್ಲಗೆ ಹೇಳಿ ಮುಂದಿನವರ ಕಡೆ ಹೊರಳುತ್ತಿದ್ದರು. ಎಂಟನೇ ತರಗತಿಯನ್ನು ಹೊರಗಿನಿಂದ ನೋಡಿದವರು ಒಳಗೆ ರಾಷ್ಟ್ರಗೀತೆ ನಡೆದಿದೆ ಎಂದುಕೊಳ್ಳಬೇಕು, ಅಷ್ಟು ಮಕ್ಕಳು ನಿಂತಿರುತ್ತಿದ್ದರು.

ಹಾಗೆ ನಿಲ್ಲುವವರಲ್ಲಿ ಮೈಲಾರವ್ವನ ಹೆಸರು ಕಾಯಂ. ಅದೇ ಮೈಲಾರವ್ವ ನನ್ನ ಖೋ ಖೋ ತಂಡದ ಜೀವ. ಎದುರಾಳಿ ಯಾವ ಕಡೆ ಹೊರಳುತ್ತಾಳೆ ಎಂಬುದು ಆ ಎದುರಾಳಿಗಿಂತ ಮೊದಲು ಇವಳಿಗೆ ತಿಳಿಯುತ್ತಿತ್ತು. ಕಂಬದ ಹತ್ತಿರ ಅವಳು ಅಡ್ಡ ಬಿದ್ದು ಔಟ್ ಮಾಡುವುದನ್ನು ನೋಡಲು, ಎದುರಿನ ಚಹಾದಂಗಡಿಯ ಬುಡನಸಾಬ ಕಾಕಾ ಒಲೆ ಸಣ್ಣ ಮಾಡಿ ಬೇಲಿಯ ತನಕ ಬರುತ್ತಿದ್ದರು. ತಾಲೂಕು ಪಂದ್ಯ ದಸರಾ ರಜೆಯ ನಂತರ ಇತ್ತು. ಈ ಸಲ ಕಪ್ಪು ನಮ್ಮದೇ ಎಂದು ನಾನು ಮನಸ್ಸಿನಲ್ಲೇ ಕಪಾಟಿನಲ್ಲಿ ಜಾಗ ಮಾಡಿಟ್ಟಿದ್ದೆ.

ಒಂದು ಸಂಜೆ ಅಭ್ಯಾಸ ಮುಗಿಸಿ ಮಕ್ಕಳೆಲ್ಲ ಮನೆಗೆ ಹೋದ ಮೇಲೂ ಮೈಲಾರವ್ವ ಹೋಗಲಿಲ್ಲ. ಕಂಬಕ್ಕೆ ಒರಗಿ ನಿಂತಿದ್ದಳು.

"ಅಕ್ಕಾರ, ನನ್ನ ಜಾಗಾಕ್ಕ ತಮನ್ನಾನ್ನ ತಯಾರ ಮಾಡ್ರಿ. ದಸರಾ ಸೂಟಿ ಆದ ಮ್ಯಾಲೆ ನಾ ಸಾಲಿಗೆ ಬರಂಗಿಲ್ರಿ."

"ಯಾಕ? ಮನ್ಯಾಗ ಬ್ಯಾಡ ಅಂದ್ರೇನು?"

"ಇಲ್ರಿ. ಅವ್ವ ಹೋಗು ಅಂತಾಳ್ರಿ. ನಾನ ಬ್ಯಾಡ ಅಂದೀನಿ. ಅಳ್ನಾವರದಾಗ ನಮ್ಮ ಚಿಗವ್ವನ ಖಾನಾವಳಿ ಐತಿ. ಅಲ್ಲೇ ರೊಟ್ಟಿ ಬಡ್ಕೋತ ಇರ್ತೀನ್ರಿ."

"ರೊಟ್ಟಿ ಬಡಿಯೂದು ಅಷ್ಟು ಸಸಾರ ಅಂತ ತಿಳದಿಯೇನು?"

"ಸಸಾರ ಅಲ್ರಿ. ಆದ್ರ ರೊಟ್ಟಿ ಹರದ್ರ ಚಿಗವ್ವ ಮತ್ತೊಂದು ಹಿಟ್ಟಿನ ಉಂಡಿ ಕೈಯಾಗ ಕೊಡ್ತಾಳ್ರಿ. ಇಲ್ಲಿ ಒಮ್ಮೆ ತಪ್ಪಿದ್ರ ಮುಗೀತು, ಗಂಟಿ ಹೊಡಿಯೂ ತನಕ ನಿಂದ್ರಬೇಕು. ನಿಂತಾಗ ಲೆಕ್ಕ ಕಾಣಂಗಿಲ್ರಿ ಅಕ್ಕಾರ. ಬರೇ ಕೂತವರ ತಲಿ ಕಾಣ್ತಾವು."

ನನಗೆ ಸಿಟ್ಟು ನೆತ್ತಿಗೇರಿತು. ಮುಚ್ಚಿಡುವುದೇನಿದೆ, ಮೊದಲು ನೆನಪಾದದ್ದು ಕಪ್ಪು. ಆದರೆ ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಕಬ್ಬಿನ ಹೊಲದ ಬದುವಿನ ಮೇಲೆ ಮನೆಗೆ ನಡೆದದ್ದನ್ನು ನೋಡುತ್ತ ನಿಂತಾಗ ಕಪ್ಪು ಮರೆತೇಹೋಯಿತು. ಎಂಟನೇ ತರಗತಿಯ ಹುಡುಗಿ, ಬುದ್ಧಿ ಬೆಂಕಿಯಂಥದ್ದು, ದಿನಾ ಒಂದು ತಾಸು ಕಂಬದ ಹಾಗೆ ನಿಂತು ನಿಂತು ತಾನು ದಡ್ಡಿ ಎಂದು ನಂಬಿಬಿಟ್ಟಿದ್ದಾಳೆ. ನನಗೆ ಅಳು ಬಂದ ಹಾಗಾಯಿತು.

ಮರುದಿನ ಶಿಕ್ಷಕರ ಕೋಣೆಯಲ್ಲಿ ಏಕನಾಥ ಸರ್ ಡಬ್ಬಿಯಲ್ಲಿ ಚಾಕ್‌ಪೀಸುಗಳನ್ನು ಉದ್ದದ ಪ್ರಕಾರ ಜೋಡಿಸುತ್ತಿದ್ದರು. ನಾನು ನೆಟ್ಟಗೆ ಹೋಗಿ ಅವರ ಮುಂದೆ ನಿಂತೆ.

"ಸರ, ನೀವು ಹುಡುಗೂರನ್ನ ನಿಂದ್ರಿಸಿ ನಿಂದ್ರಿಸಿ ಸಾಲಿ ಬಿಡಸಾಕತ್ತೀರಿ."

ಅವರು ಗಾಬರಿಯಾದರು. ಮೈಲಾರವ್ವ ಹೇಳಿದ್ದನ್ನೆಲ್ಲ ಹೇಳಿದೆ. ಕೇಳಿ ಮುಖ ಸಣ್ಣದು ಮಾಡಿಕೊಂಡರು.

"ನಾ ಏನ್ ಮಾಡ್ಲಿ ಬಾಯರ? ಕೂತ್ರ ತೂಕಡಸ್ತಾವ. ನಿಂತ್ರ ಲಕ್ಷ್ಯ ಕೊಡ್ತಾವ ಅಂತ ನಿಂದ್ರಸ್ತೀನಿ. ನಮ್ಮ ಮಾಸ್ತರೂ ನಮ್ಮನ್ನ ಹಂಗ ನಿಂದ್ರಸ್ತಿದ್ರು."

"ಲಕ್ಷ್ಯ ಹೆಂಗಿರತೈತಿ ಅಂತ ನೋಡಬೇಕಂದ್ರ ಮೈದಾನಕ್ಕ ಬರ್ರಿ. ಎಂಟು ಮಂದಿ ಕೂತಿರ್ತಾರ, ಒಬ್ಬಾಕಿ ಆಕಳಸಿದ್ರ ನನ್ನ ಹೆಸರು ಕರೀಬ್ಯಾಡ್ರಿ."

"ಆಟ ಬ್ಯಾರೆ, ಗಣಿತ ಬ್ಯಾರೆ."

"ನನ್ನ ಪಿರಿಯಡ್ ತಗೊಳ್ಳೂ ಮುಂದ ಈ ಮಾತು ಎಲ್ಲಿ ಹೋಗಿರತೈತ್ರಿ?"

ಹೆಡ್ ಮಾಸ್ತರ ಕುಬೇರಪ್ಪನವರು ಬಸಿಗೆ ಚಹಾ ಸುರಿದುಕೊಂಡು ಅದನ್ನು ಊದುವುದರಲ್ಲಿ ಬಹಳ ಮಗ್ನರಾದರು. ಜಗಳ ಎಂದರೆ ಅವರಿಗೆ ಅಷ್ಟು ಭಯ. ನಾನು ಬಿಡಲಿಲ್ಲ.

"ಇವತ್ತೂ ಬೇಕಲ್ಲ ನಿಮಗ ನನ್ನ ಪಿರಿಯಡ್? ತಗೊಳ್ರಿ. ಆದ್ರ ಮೈದಾನದಾಗ ತಗೊಳ್ರಿ. ಖೋ ಖೋ ಸಾಲಿನ್ಯಾಗ ಕೂತು ತಗೊಳ್ರಿ."

ಪುಕ್ಕಟೆ ಸಿಕ್ಕ ಪಿರಿಯಡ್ ಬಿಡುವುದು ಏಕನಾಥ ಸರ್ ಜಾಯಮಾನದಲ್ಲೇ ಇರಲಿಲ್ಲ. ಊಟದ ನಂತರ ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿ, ಜೇಬಿನ ಪೆನ್ನು ನನ್ನ ಕೈಗೆ ಕೊಟ್ಟು, ಮೈದಾನಕ್ಕೆ ಇಳಿದರು. ಮಕ್ಕಳಿಗೆ ಹಬ್ಬ. ಸಾಲಿನಲ್ಲಿ ಎಂಟು ಜನ. ಒಬ್ಬರ ಮುಖ ಪೂರ್ವಕ್ಕಾದರೆ ಬಾಜುದವರ ಮುಖ ಪಶ್ಚಿಮಕ್ಕೆ. ನಡುವೆ ಮೈಲಾರವ್ವ ಮತ್ತು ತಮನ್ನಾ, ಇಬ್ಬರ ಮಧ್ಯೆ ಸರ್. ಓಡುವವಳು ಹಿಂದಿನಿಂದ ಬಂದು ಬೆನ್ನು ಮುಟ್ಟಿ "ಖೋ" ಅಂದಾಗ ಮಾತ್ರ ಏಳಬೇಕು, ಮೊದಲೇ ಎದ್ದರೆ ಫೌಲ್ ಎಂದು ನಾನು ನಿಯಮ ಹೇಳಿದೆ. ಸರ್ ತಲೆಯಾಡಿಸಿದರು, ಇಷ್ಟು ತಿಳಿಯದೇ ಎಂಬಂತೆ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಯುನೂಸ್ ಎಂಬ ಹುಡುಗ ಅವರ ಮೂಗಿನ ಮುಂದೆಯೇ ನುಸುಳಿಕೊಂಡು ಹೋದ. ಸರ್‌ಗೆ ತಡೆಯಲಾಗಲಿಲ್ಲ. ಖೋ ಬರುವ ಮೊದಲೇ ಎದ್ದು ಅವನ ಬೆನ್ನು ಹತ್ತಿದರು. ನಾನು ಸೀಟಿ ಊದಿದೆ. ಅಷ್ಟು ಸಂತೋಷದಿಂದ ಸೀಟಿ ಊದಿದ್ದು ನನ್ನ ನೌಕರಿಯಲ್ಲೇ ಅದೊಂದು ಸಲ.

"ಫೌಲ್ ಸರ್!" ಎಂದು ಮಕ್ಕಳು ಕೂಗಿದರು.

ಏಕನಾಥ ಸರ್ ಅಲ್ಲೇ ನಿಂತರು. ಆಮೇಲೆ ಏನು ಮಾಡಿದರು ಅಂದರೆ, ತಪ್ಪು ಮಾಡಿದವರು ನಿಲ್ಲಬೇಕು ಎನ್ನುವುದು ಅವರ ರಕ್ತದಲ್ಲೇ ಇತ್ತಲ್ಲ, ಗೆರೆಯ ಆಚೆ ಹೋಗಿ ಕೈಕಟ್ಟಿ ನಿಂತುಬಿಟ್ಟರು. ಪಿರಿಯಡ್ ಮುಗಿಯುವ ತನಕ ನಿಲ್ಲುವ ತಯಾರಿ. ಮಕ್ಕಳಿಗೆ ನಗಬೇಕೋ ಬಿಡಬೇಕೋ ತಿಳಿಯಲಿಲ್ಲ. ಮೈಲಾರವ್ವ ತಾನು ಕೂತಲ್ಲಿಂದಲೇ ಕೂಗಿದಳು.

"ಯಾಕ ನಿಂತ್ರಿ ಸರ್? ಬರ್ರಿ, ಕುಂಡ್ರಿ. ನಿಮ್ಮ ಜಾಗಾ ಖಾಲಿ ಬಿಟ್ರ ಆಟ ಹೆಂಗ ನಡೀಬೇಕ್ರಿ? ಮುಂದಿನ ಖೋಕ್ಕ ಲಕ್ಷ್ಯ ಇಡ್ರಿ, ಅಷ್ಟ."

ಅದರಲ್ಲಿ ಕುಚೋದ್ಯ ಎಳ್ಳಷ್ಟೂ ಇರಲಿಲ್ಲ. ತಂಡದವರು ತಪ್ಪಿದಾಗ ದಿನಾ ಆಡುವ ಮಾತನ್ನೇ ಆಡಿದ್ದಳು. ಸರ್ ಅವಳನ್ನು ಒಂದು ಗಳಿಗೆ ನೋಡಿ, ಬಂದು ಕೂತರು. ಮುಂದಿನ ಖೋಗೆ ತಪ್ಪು ದಿಕ್ಕಿಗೆ ಓಡಿದರು, ಮತ್ತೆ ಫೌಲ್, ಮತ್ತೆ ಕೂತರು. ಅದರ ಮುಂದಿನ ಖೋಗೆ ಯುನೂಸನನ್ನು ಮುಟ್ಟಿ, "ಔಟ್! ಔಟ್!" ಎಂದು ಕುಣಿದಾಡಿದರು. ಬುಡನಸಾಬ ಕಾಕಾ ಬೇಲಿಯ ಮೇಲಿನಿಂದ ಚಪ್ಪಾಳೆ ಹೊಡೆದರು.

ಸಂಜೆ ಬಸ್ಸಿಗೆ ಕಾಯುತ್ತ ನಿಂತಾಗ ಸರ್ ಮೊಣಕಾಲು ಉಜ್ಜಿಕೊಳ್ಳುತ್ತಿದ್ದರು. "ಬಾಯರ, ಆ ಹುಡುಗಿ ನನಗ ಬಂದು ಕೂಡ್ರಿ ಅಂದ್ಲು" ಎಂದರು. ಬಸ್ಸಿನಲ್ಲಿ ಟಿಕೇಟಿನ ಹಿಂದೆ ಪೆನ್ನಿನಿಂದ ಏನೋ ಗೆರೆ ಎಳೆಯುತ್ತ ಕೂತಿದ್ದರು.

ಸೋಮವಾರ ಎಂಟನೇ ತರಗತಿಗೆ ಇಣುಕಿದವಳಿಗೆ ನಗು ತಡೆಯಲಾಗಲಿಲ್ಲ. ಏಕನಾಥ ಸರ್ ಯಾವುದನ್ನೂ ಅರ್ಧಕ್ಕೆ ಮಾಡುವವರಲ್ಲ. ಬೆಂಚುಗಳನ್ನೆಲ್ಲ ಖೋ ಖೋ ಸಾಲಿನ ಹಾಗೆ ಇಟ್ಟಿದ್ದರು, ಒಂದು ಆ ಕಡೆ ಮುಖ, ಒಂದು ಈ ಕಡೆ ಮುಖ.

"ಸರ, ಅರ್ಧ ಮಂದಿ ಬೋರ್ಡಿಗೆ ಬೆನ್ನು ಹಚ್ಚಿ ಕೂತಾರಲ್ರಿ!"

ಸರ್ ಬೋರ್ಡು ನೋಡಿದರು, ಬೆಂಚು ನೋಡಿದರು. "ಇದನ್ನ ವಿಚಾರ ಮಾಡಲಿಲ್ಲ ನೋಡ್ರಿ" ಎಂದರು. ಬೆಂಚು ತಿರುಗಿಸಿಬಿಡಿ ಎಂದರೆ ಒಪ್ಪಲಿಲ್ಲ. ಆಟ ಅಂದಮೇಲೆ ನಿಯಮದ ಪ್ರಕಾರವೇ ಆಗಬೇಕಂತೆ. ಎರಡು ದಿನ ಬಿಟ್ಟು ನೋಡಿದರೆ ಹಿಂದಿನ ಗೋಡೆಗೂ ಕರಿ ಬಣ್ಣ ಬಳಿದು ಇನ್ನೊಂದು ಬೋರ್ಡು ಮಾಡಿದ್ದರು. ಅಲ್ಲಿಂದ ಮುಂದೆ ಎರಡು ಬೋರ್ಡುಗಳ ನಡುವೆ ಅವರ ಓಡಾಟ ನೋಡಬೇಕು: ಅಂಗಿ ಪ್ಯಾಂಟಿನಿಂದ ಹೊರಗೆ, ಮೈಯೆಲ್ಲ ಬೆವರು, ಕನ್ನಡಕದ ಮೇಲೆ ಚಾಕ್‌ಪೀಸಿನ ಧೂಳು. ಗೆರೆಗಳು ಮೊದಲ ಸಲ ಸೊಟ್ಟಾದವು.

ನಿಯಮ ಸರಳವಾಗಿತ್ತು. ಉತ್ತರ ಹೇಳಿದವರು ತಾವೇ ಇನ್ನೊಬ್ಬರ ಬೆನ್ನು ಮುಟ್ಟಿ ಖೋ ಕೊಟ್ಟು ಒಂದು ಪ್ರಶ್ನೆ ಕೇಳಬೇಕು. ಖೋ ಯಾರಿಗೆ ಯಾವಾಗ ಬರುತ್ತದೋ ಗೊತ್ತಿಲ್ಲದ್ದರಿಂದ ಎಲ್ಲರ ಕಿವಿ ನೆಟ್ಟಗೆ. ಖೋ ಬರುವ ಮೊದಲೇ ಎದ್ದು ಉತ್ತರ ಒದರುವ ಮುಂದಿನ ಬೆಂಚಿನ ಜಾಣರಿಗೂ ಫೌಲ್. ತಪ್ಪಿದವರು ಕೂತು ಮುಂದಿನ ಖೋಗೆ ಕಾಯಬೇಕು. ಗಂಟೆ ಹೊಡೆಯುವುದರೊಳಗೆ ಅವರಿಗೆ ಇನ್ನೊಂದು ಖೋ ಸಿಕ್ಕೇ ಸಿಗಬೇಕು. ಗದ್ದಲ ಮಾತ್ರ ವಿಪರೀತ. ಕುಬೇರಪ್ಪನವರು ಒಂದೆರಡು ಸಲ ಬಾಗಿಲ ತನಕ ಬಂದು, "ಸರ, ಸಂತಿ ಹಚ್ಚೀರೇನು?" ಎಂದು ಕೇಳಿ, ಉತ್ತರ ಬರುವ ಮೊದಲೇ ವಾಪಸ್ಸಾದರು.

ಮೈಲಾರವ್ವನಿಗೆ ಮೊದಲ ಖೋ ಬಂದಾಗ ಉತ್ತರ ತಪ್ಪಿತು. ಗಂಟೆಯ ತನಕ ನಿಲ್ಲಲು ಕಾಲು ಗಟ್ಟಿ ಮಾಡಿಕೊಂಡಳು. "ಕುಂಡ್ರಬೇ, ಆಟ ನಿಂತೈತಿ!" ಎಂದು ತಮನ್ನಾ ಲಂಗ ಜಗ್ಗಿದ ಮೇಲೆ ಕೂತಳು. ದಿನಗಳು ಕಳೆದವು. ಅವಳು ಒಮ್ಮೆ ಸರಿ ಹೇಳಿದರೆ ನಾಲ್ಕು ಸಲ ತಪ್ಪುತ್ತಿದ್ದಳು. ಶಾಲೆ ಬಿಡುವ ಮಾತು ಏನಾಯಿತು ಎಂದು ನಾನು ಕೇಳಿದರೆ, "ಚಿಗವ್ವ ನನ್ನ ಟ್ರಂಕ್ ಇಡಾಕ ಜಾಗಾ ಮಾಡ್ಯಾಳ್ರಿ" ಎಂದಷ್ಟೇ ಹೇಳಿ ಓಡುತ್ತಿದ್ದಳು. ನನಗೆ ಊಟ ಸೇರುತ್ತಿರಲಿಲ್ಲ.

ದಸರಾ ರಜೆ ಹತ್ತಿರ ಬಂದಿತ್ತು. ಆಗ ಒಂದು ದಿನ ತಪಾಸಣೆಗೆ ತಾಲೂಕಿನಿಂದ ಸಾಹೇಬರು ಬಂದರು. ಕುಬೇರಪ್ಪನವರು ಅವರನ್ನು ಯಾವ ತರಗತಿಗೆ ಬೇಕಾದರೂ ಕರೆದೊಯ್ಯಲು ತಯಾರಿದ್ದರು, ಎಂಟನೆಯದೊಂದನ್ನು ಬಿಟ್ಟು. ಆದರೆ ಗದ್ದಲ ಕೇಳಿ ಸಾಹೇಬರು ತಾವಾಗಿಯೇ ಅತ್ತ ಹೊರಟರು. ಪಿ.ಟಿ. ಟೀಚರಿಗೆ ಕೆಲಸವಿರುವುದಿಲ್ಲ ಎಂಬುದು ಎಲ್ಲರ ನಂಬಿಕೆಯಾದ್ದರಿಂದ ಚಹಾದ ತಾಟು ನನ್ನ ಕೈಗೆ ಬಂದಿತ್ತು. ನಾನೂ ಹಿಂದೆ ಹೋದೆ.

ಸಾಹೇಬರು ಒಳಗೆ ಕಾಲಿಟ್ಟರು. ಒಂದು ಮಗುವೂ ಏಳಲಿಲ್ಲ. ಅರ್ಧ ಮಕ್ಕಳು ಅವರಿಗೆ ಬೆನ್ನು ಹಾಕಿ ಕೂತಿದ್ದರು.

"ಏನ್ರಿ ಹೆಡ್ ಮಾಸ್ತರ, ನಿಮ್ಮ ಸಾಲ್ಯಾಗ ದೊಡ್ಡವರು ಬಂದ್ರ ಏಳೂ ಪದ್ಧತಿ ಇಲ್ಲೇನು?"

ಕುಬೇರಪ್ಪನವರು ಹುಬ್ಬಿನಿಂದಲೇ ಏಳಿ ಏಳಿ ಎಂದು ಸನ್ನೆ ಮಾಡಿದರು. ಮಕ್ಕಳ ಪಾಡು ನೋಡಲಾಗದು. ಎದ್ದರೆ ಫೌಲ್, ಏಳದಿದ್ದರೆ ಹೆಡ್ ಮಾಸ್ತರು. ಬೆಂಚಿಗೆ ಕೈ ಊರಿ, ಅರ್ಧ ಎದ್ದು ಅರ್ಧ ಕೂತು, ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಏಕನಾಥ ಸರ್ ಚಾಕ್‌ಪೀಸು ಹಿಡಿದ ಕೈಯನ್ನು ಮೇಲೆತ್ತಿದ್ದವರು ಹಾಗೆಯೇ ಇದ್ದರು. ಆಗ ಸಾಹೇಬರಿಗೆ ಬೆನ್ನು ಮಾಡಿ ಕೂತಿದ್ದ ಮೈಲಾರವ್ವ, ತಿರುಗದೆಯೇ ಹೇಳಿದಳು:

"ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ನಮಗಿನ್ನೂ ಯಾರೂ ಖೋ ಕೊಟ್ಟಿಲ್ರಿ."

ಸಾಹೇಬರು ಬೆಂಚುಗಳ ಸಾಲನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಅವರ ಮೀಸೆ ಅಲುಗಿತು. ನಡೆದುಬಂದು ಮೈಲಾರವ್ವನ ಬೆನ್ನು ಮುಟ್ಟಿ, "ಖೋ!" ಎಂದರು. ಅವಳು ಚಿಮ್ಮಿ ಎದ್ದಳು.

"ಮೈನಸ್ ಮೂರು ಇಂಟು ಮೈನಸ್ ನಾಕು?"

"ಮೈನಸ್ ಹನ್ನೆರಡ್ರಿ."

"ಫೌಲ್!" ಎಂದು ಇಡೀ ತರಗತಿ ಸಂಭ್ರಮದಿಂದ ಕೂಗಿತು.

ಏಕನಾಥ ಸರ್ ಬಾಯಿ ತೆರೆದರು. ಇಷ್ಟು ವರ್ಷದ ರೂಢಿ. ಅದರ ಮೇಲೆ ಸಾಹೇಬರು ಬೇರೆ ನಿಂತಿದ್ದಾರೆ. ತುಟಿಯ ಮೇಲೆ ಆ ಹಳೆಯ ಮಾತು ಬಂದು ನಿಂತದ್ದು ನನಗೆ ಕಂಡಿತು. ಮೈಲಾರವ್ವನೂ ಆ ತುಟಿಯನ್ನೇ ನೋಡುತ್ತಿದ್ದಳು.

ಸರ್ ಎತ್ತಿದ ಕೈಯನ್ನು ಕೆಳಗಿಳಿಸಿದರು. "ಕೂಡು ಮೈಲಾರವ್ವ. ಮುಂದಿನ ಖೋ ನಿನಗ ಬರ್ತದ" ಎಂದರು.

ಅವಳು ಕೂಡಲಿಲ್ಲ.

"ಕುಂಡ್ರತೀನ್ರಿ ಸರ್. ಒಂದು ಕೇಳ್ಲೇನ್ರಿ? ಮೈನಸ್ಸಿಗೆ ಮೈನಸ್ ಗುಣಿಸಿದ್ರ ಪ್ಲಸ್ ಅಂತ ಎಲ್ಲಾರೂ ಬಾಯಿಪಾಠ ಹೇಳ್ತಾರ. ಯಾಕಂತ ಯಾರೂ ಹೇಳಂಗಿಲ್ಲ. ಎರಡೂ ಕಡಿಮಿ ಇದ್ದದ್ದು ಹೆಂಗ ಹೆಚ್ಚಾಕ್ಕೈತ್ರಿ?"

ಆ ತರಗತಿಯಲ್ಲಿ ಏಕನಾಥ ಸರ್‌ಗೆ ಯಾರಾದರೂ ಪ್ರಶ್ನೆ ಕೇಳಿದ್ದು ಅದೇ ಮೊದಲು. "ಅದು ರೂಲ್ ಐತಿ ತಂಗಿ" ಎಂದ ಸಾಹೇಬರು ಆಮೇಲೆ ಫ್ಯಾನಿನ ಕಡೆ ನೋಡತೊಡಗಿದರು. ಸರ್ ಚಾಕ್‌ಪೀಸನ್ನು ಬೆರಳುಗಳ ನಡುವೆ ಹೊರಳಿಸುತ್ತ ನಿಂತರು. ಬೋರ್ಡು ನೋಡಿದರು, ಹಿಂದಿನ ಬೋರ್ಡೂ ನೋಡಿದರು. ಆಮೇಲೆ ಅತ್ತ ಇತ್ತ ಮುಖ ಮಾಡಿ ಕೂತ ಮಕ್ಕಳನ್ನು ನೋಡಿದರು. ಅವರ ಮುಖ ಅರಳಿತು.

"ಇಲ್ಲಿ ಬಾ. ಮುಂದಿನ ಬೋರ್ಡಿನ ಕಡೆ ಮುಖ ಮಾಡಿ ನಿಂದ್ರು. ಅದು ಪ್ಲಸ್ ದಿಕ್ಕು ಅನ್ಕೋ. ಮೈನಸ್ ಅಂದ್ರ ತಿರುಗು ಅಂತ ಅರ್ಥ, ಅಷ್ಟ. ಈಗ ಮೂರ ನಾಕಲೆ ಎಷ್ಟು?"

"ಹನ್ನೆರಡ್ರಿ."

"ಒಂದು ಮೈನಸ್ ಬಂತು."

ಮೈಲಾರವ್ವ ತಿರುಗಿದಳು. ಮುಖ ಹಿಂದಿನ ಬೋರ್ಡಿಗೆ ಬಂತು.

"ಇನ್ನೊಂದು ಮೈನಸ್ ಬಂತು."

ತಿರುಗಲು ಶುರು ಮಾಡಿದವಳು ಅರ್ಧಕ್ಕೇ ನಿಂತಳು. ಮೈದಾನದಲ್ಲಿ ಎದುರಾಳಿ ಹೊರಳುವ ದಿಕ್ಕು ಹೊಳೆದಾಗ ಅವಳ ಕಣ್ಣು ಹೇಗಾಗುತ್ತಿತ್ತೋ ಹಾಗಾಯಿತು.

"ಸರ್! ಮೊದಲಿನ ಕಡೆನ ಬಂತಲ್ರಿ! ಹನ್ನೆರಡು. ಬರೇ ಹನ್ನೆರಡ್ರಿ!"

ಯುನೂಸ್ ಖೋ ಇಲ್ಲದೆಯೇ ಎದ್ದು ತನ್ನಷ್ಟಕ್ಕೆ ತಾನೇ ಎರಡು ಸಲ ತಿರುಗಿ ನೋಡಿದ. ಯಾರೂ ಫೌಲ್ ಅನ್ನಲಿಲ್ಲ. ಉತ್ತರ ಹೇಳಿದ ಮೇಲೆ ಖೋ ಕೊಡಬೇಕಲ್ಲ, ಮೈಲಾರವ್ವ ಸುತ್ತ ನೋಡಿದಳು. ಸಾಹೇಬರು ಒಂದು ಬೆಂಚಿನ ತುದಿಗೆ ಕೂತಿದ್ದರು. ಅವರ ಹಿಂದೆ ಹೋಗಿ, ಒಂದು ಕ್ಷಣ ಅಳುಕಿ, ಎರಡು ಬೆರಳಿನಿಂದ ಮೆಲ್ಲಗೆ ಬೆನ್ನು ಮುಟ್ಟಿದಳು.

"ಖೋ ರೀ ಸಾಹೇಬ್ರ. ಮೂರು ಮೈನಸ್ ಗುಣಿಸಿದ್ರ?"

ಕುಬೇರಪ್ಪನವರು ಕಣ್ಣು ಮುಚ್ಚಿಕೊಂಡರು. ಸಾಹೇಬರು ಮಾತ್ರ ಎದ್ದೇಬಿಟ್ಟರು. ಒಮ್ಮೆ ತಿರುಗಿದರು, ಇನ್ನೊಮ್ಮೆ ತಿರುಗಿದರು, ಮತ್ತೊಮ್ಮೆ ತಿರುಗಿ ಹಿಂದಿನ ಬೋರ್ಡಿಗೆ ಮುಖ ಮಾಡಿ ನಿಂತು, "ಮೈನಸ್!" ಎಂದು ಮಕ್ಕಳಿಗಿಂತ ಜೋರಾಗಿ ಕೂಗಿದರು. ನಾನು ತಂದ ಚಹಾ ಆರಿ ತಣ್ಣಗಾಗಿತ್ತು, ಯಾರಿಗೂ ಅದರ ನೆನಪಿರಲಿಲ್ಲ.

ಸಂಜೆ ಅಭ್ಯಾಸ ಮುಗಿದ ಮೇಲೆ ಮೈಲಾರವ್ವ ನನ್ನ ಹತ್ತಿರ ಬಂದು, "ಅಕ್ಕಾರ, ಚಿಗವ್ವಗ ಒಂದು ಫೋನ್ ಹಚ್ಚಿ ಕೊಡ್ರಿ" ಎಂದಳು. ಹಚ್ಚಿ ಕೊಟ್ಟೆ. ಚಿಗವ್ವನ ದನಿ ದೊಡ್ಡದು. ಖಾನಾವಳಿಯ ಪಾತ್ರೆಗಳ ಸದ್ದಿನ ನಡುವೆಯೂ ಅವಳ ಮಾತು ನನಗೆ ಕೇಳಿಸುತ್ತಿತ್ತು.

"ಯಾವಾಗ ಬರ್ತಿ? ನಿನ್ನ ಟ್ರಂಕಿಗೆ ಜಾಗಾ ಮಾಡೀನಿ."

"ಸೂಟ್ಯಾಗ ಬರ್ತೀನಿ ಚಿಗವ್ವ. ನಾಕ್ ದಿನ ಇದ್ದು, ಹೋಳಿಗಿ ಉಂಡು ಹೊಳ್ಳಿ ಬರ್ತೀನಿ. ಕಾಯಂ ಬರಂಗಿಲ್ಲ."

"ಯಾಕಬೇ? ಸಾಲಿ ಬ್ಯಾಡ ಬ್ಯಾಡ ಅಂತ ಅತ್ತಾಕಿ ನೀನ ಅಲ್ಲೇನು? ಗಣಿತ ಬರಾಕತ್ತಿತೇನು ಈಗ?"

"ಇಲ್ಲ ಚಿಗವ್ವ, ಇನ್ನೂ ಭಾಳ ತಪ್ಪತೈತಿ." ಮೈಲಾರವ್ವ ನನ್ನ ಕಡೆ ನೋಡಿ ನಕ್ಕಳು. "ಆದ್ರ ಈಗ ತಪ್ಪಿದ್ರೂ ಕುಂಡ್ರಾಕ ಬಿಡ್ತಾರ."